ಮೇಷ್ಟ್ರ ಮಂಡಿನೋವು

ಟೀಚರಕ್ಕನಿಗೆ,

ನೀನು ಕಲಿಸಿದ ಶಿಸ್ತು ಯೂನಿವರ್ಸಿಟೀಲಿ ನನ್ನ ಮಾನ ಕಳೀತು! ಇಲ್ಲಿ ಮೇಷ್ಟ್ರು ಒಳಗೆ ಬಂದರೆ ಯಾರೂ ಏಳೋದೇ ಇಲ್ಲ. ಮೊದಲ ದಿನ ಅಷ್ಟೂ ಜನರ ನಡುವೆ ನಾನೊಬ್ಬಳೇ ಎದ್ದು ಕೈಕಟ್ಟಿ ನಿಂತೆ.

"ಏನಮ್ಮಾ, ಏನಾದ್ರೂ ಕೇಳಬೇಕಿತ್ತಾ?" ಅಂದರು.

ನಾನು "ಚೆನ್ನಾಗಿದ್ದೀರಾ ಸಾರ್?" ಅಂದುಬಿಟ್ಟೆ. ಕ್ಲಾಸೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿತು. ಅವರು ಮಾತ್ರ ಗಂಭೀರವಾಗಿ, "ಮಂಡಿನೋವು ಬಿಟ್ಟರೆ ಚೆನ್ನಾಗಿದ್ದೀನಿ" ಅಂದರು.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಅಷ್ಟು ಮಾತ್ರ ಹೇಳು.

ಇವತ್ತು ಬುದ್ಧಿ ಬಂದು ಬೆಂಚಿಗೆ ಅಂಟಿಕೊಂಡು ಕೂತಿದ್ದೆ. ಮೇಷ್ಟ್ರು ಬಂದದ್ದೇ ತಡ, ಇಡೀ ಕ್ಲಾಸು ದಡಬಡ ಎದ್ದು, "ಮಂಡಿ ಹೇಗಿದೆ ಸಾರ್?" ಅಂತು. ಅವರು ಕೂತಿದ್ದ ನನ್ನನ್ನೇ ನೋಡಿ, "ಏನಮ್ಮಾ, ನಿನಗೂ ಶುರುವಾಯ್ತಾ?" ಅಂದರು.

ಕಾರ್ಡು ತುಂಬಿತು.

ನಿನ್ನ ಪುಕ್ಕಲಿ