ಕಡೆಯ ಅಕ್ಷರವೂ ಕೇಳುವಂತೆ

ದಿಲ್ಲಿ
18 ನವೆಂಬರ್ 1994

ಪ್ರೀತಿಯ ಬಿಸ್ಮಿಲ್ಲಾಬಿ ಖಾಲಾ,

ನಿಮಗೆ ನಿಮ್ಮ ಜಾಹೀದಾಳ ಸಲಾಂ. ನಿಮ್ಮ ಕಾಗದ ಬಂದು ಐದು ವಾರಗಳಾದವು. ದಿನವೂ ತೆಗೆದು ನೋಡಿದೆ. ಉತ್ತರ ಬರೆಯಲು ಮಾತ್ರ ಕೈ ಏಳಲಿಲ್ಲ. ಕ್ಷಮಿಸಿ. ಐವತ್ತೆರಡನೆಯ ವಯಸ್ಸಿನಲ್ಲಿ, ಕುಪ್ಪೇಲೂರಿನ ಸಾಕ್ಷರತಾ ಕೇಂದ್ರದಲ್ಲಿ ಅಕ್ಷರ ಕಲಿತು, ನೀವು ಕೈಯಾರೆ ಬರೆದ ಮೊದಲ ಕಾಗದ ನನ್ನ ಹೆಸರಿಗೆ ಬಂದಿತಲ್ಲ! ಹಾಸ್ಟೆಲಿನ ಗೆಳತಿಯರಿಗೆಲ್ಲ ತೋರಿಸಿಕೊಂಡು ಬಂದೆ.

“ಇಟಲಿ ಭಾಷಾ ಯಾಕ ಬೇಕಾತ ನಿನಗ?” ಎಂದು ಕೇಳಿದ್ದೀರಿ. ಅಪ್ಪನಂತೂ, “ಬ್ಯಾಡಗಿ ಮೆಣಸಿನಕಾಯಿ ಇಟಲಿಗೆ ಒಯ್ದು ಮಾರಾಕಿ ಇರಬೇಕ” ಎಂದು ಊರನ್ನೆಲ್ಲ ನಗಿಸಿದ್ದಾರಂತೆ. ಇತಿಹಾಸದ ಜೊತೆಗೆ ಒಂದು ಉಪವಿಷಯವನ್ನು ಆರಿಸಿಕೊಳ್ಳಲೇಬೇಕಿತ್ತು, ಖಾಲಾ. ಮೊದಲ ದಿನ ಆ ಭಾಷೆಯನ್ನು ಕೇಳಿದಾಗಲೇ, ಅದರ ಮಾತುಗಳೂ ನಮ್ಮ ಕನ್ನಡದ ಹಾಗೆ ಸ್ವರದಲ್ಲಿ ಮುಗಿಯುವುದು ಕಿವಿಗೆ ಬಿತ್ತು. ದೊಡ್ಡ ಶಾಲೆಗಳಿಂದ ಬಂದ ಹುಡುಗಿಯರು ಆ ಕೊನೆಯನ್ನು ನುಂಗಿಬಿಡುತ್ತಾರೆ. ನಾನು ನುಂಗುವುದಿಲ್ಲ. ಮುಂಬೈಯಿಂದ ನಿಮ್ಮ ಯಜಮಾನರು, ಶಮಶೇರಸಾಬ ಖಾಲೂ, ಬರೆಯುತ್ತಿದ್ದ ಕಾಗದಗಳನ್ನು ನಿಮ್ಮ ಕಟ್ಟೆಯ ಮೇಲೆ ಕುಳಿತು ನಾನು ಓದುವಾಗ, ಶೇಂಗಾ ಸುಲಿಯುತ್ತ ನೀವು ಗದರುತ್ತಿದ್ದಿರಿ: “ಗಂಟಲಾಗ ನುಂಗಬ್ಯಾಡ. ಕಡೀ ಅಕ್ಷರಾನೂ ನನಗ ಕೇಳಬೇಕು.” ಎರಡು ವರ್ಷವೂ ತರಗತಿಗೆ ನಾನೇ ಮೊದಲಿಗಳು. ಅದರ ಶ್ರೇಯಸ್ಸು ಆ ಕಟ್ಟೆಗೆ ಸೇರಬೇಕು.

ನನ್ನನ್ನು ದಿಲ್ಲಿಗೆ ಕಳಿಸಲು ಅಪ್ಪ ಹಿಂಜರಿದಾಗ, ಅಡ್ಡಗೋಡೆಯ ಆಚೆಯಿಂದಲೇ, “ಮೌಲಾಸಾಬಣ್ಣ, ನಿನ್ನ ಮಗಳು ಓದಿದ್ರ ಸತ್ತವರೂ ಎದ್ದು ಕುಂತು ಕೇಳ್ತಾರ. ಕಳಸು” ಎಂದವರೂ ನೀವೇ. ಅದನ್ನು ನಾನು ಮರೆಯಲಾರೆ.

ಕಳೆದ ತಿಂಗಳ ಪರೀಕ್ಷೆಯಲ್ಲಿ, ದೂರದೇಶಕ್ಕೆ ದುಡಿಯಲು ಹೋದ ಮಗನೊಬ್ಬ ತಾಯಿಗೆ ಬರೆದ ಇಟಾಲಿಯನ್ ಕಾಗದವನ್ನು ಅನುವಾದಿಸಬೇಕಿತ್ತು. ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಂದವು. ಆದರೆ ಅಧ್ಯಾಪಕಿ ನನ್ನನ್ನು ಕರೆದು, “ಒಂದು ವಾಕ್ಯ ಬಿಟ್ಟಿದ್ದೀಯೆ. ‘ನಾನಿನ್ನು ಬರುವುದಿಲ್ಲ’ ಎಂದು ಮಗ ಬರೆದಿದ್ದಾನೆ. ಅದು ಆ ತಾಯಿಗೆ ಬರೆದ ಮಾತು. ತಡೆಯಲು ನೀನು ಯಾರು?” ಎಂದರು. ಬಿಟ್ಟದ್ದು ನನಗೇ ತಿಳಿದಿರಲಿಲ್ಲ. ಆಕೆಗೂ ನಾನು ಋಣಿ.

ನಿಮ್ಮ ಕಣ್ಣನ್ನೂ ಕೈಯನ್ನೂ ಹೊಸ ಅಕ್ಷರಗಳನ್ನೂ ಅಲ್ಲಾಹು ಕಾಯಲಿ.

ನಿಮ್ಮ
ಜಾಹೀದಾ

ತಾ.ಕ.: ನಿಮ್ಮ ಕಾಗದದ ಕೊನೆಯಲ್ಲಿ, “ನೀ ರಜಾಕ್ಕ ಬಂದಾಗ ಟ್ರಂಕಿನ್ಯಾಗಿನ ಅವರ ಕಾಗದಾ ತೆಗಿಯೂನು. ಈ ಸಲ ನೀ ಕುಂತು ಕೇಳು, ನಾ ಓದ್ತೀನಿ” ಎಂದು ಬರೆದಿದ್ದೀರಿ. ಅದಕ್ಕೆ ಮುನ್ನ ನನ್ನಿಂದಲೇ ಕೇಳಿ. ಹತ್ತು ವರ್ಷದ ಹಿಂದೆ ಬಂದ ಖಾಲೂ ಅವರ ಕೊನೆಯ ಕಾಗದದಲ್ಲಿ, ನಾನು ಓದಿ ಹೇಳಿದ “ರಮಜಾನಿಗೆ ಬರುತ್ತೇನೆ” ಎಂಬ ಮಾತು ಇಲ್ಲ. “ಇಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದೇನೆ, ನನ್ನ ದಾರಿ ಕಾಯಬೇಡ” ಎಂದಿದೆ. ನನಗಾಗ ಹನ್ನೊಂದು ವರ್ಷ. “ಇನ್ನೊಮ್ಮೆ ಓದು” ಎಂದಿರಿ. ಇಲ್ಲದ ಸಾಲನ್ನು ಒಂದಕ್ಷರವೂ ತಪ್ಪದೆ ಎರಡನೆಯ ಸಲವೂ ಓದಿದೆ, ಒಳಗೊಳಗೇ ಹೆಮ್ಮೆಪಟ್ಟೆ. ನೀವು ಗೋಡೆಗೆ ಸುಣ್ಣ ಬಳಿದಿರಿ, ಶಾವಿಗೆ ಹೊಸೆದಿರಿ. ಅವರು ತೀರಿದ ಸುದ್ದಿ ಬರುವವರೆಗೆ ಎರಡು ರಮಜಾನ್ ಬಾಗಿಲು ನೋಡಿದಿರಿ.

ಡಿಸೆಂಬರ್ ಇಪ್ಪತ್ತಮೂರಕ್ಕೆ ರಾಣೆಬೆನ್ನೂರಿನಲ್ಲಿ ಇಳಿಯುತ್ತೇನೆ. ನಿಮ್ಮ ಕಟ್ಟೆ ಹತ್ತಲೋ ಬೇಡವೋ, ನೀವೇ ಬರೆಯಿರಿ. ಒಂದು ಅಕ್ಷರವನ್ನೂ ಬಿಡದೆ ಓದಿಕೊಳ್ಳುತ್ತೇನೆ.