ಸೋಮವಾರದ ಟೈರ್ ಗಾಡಿ

ಹೆಬ್ಬೂರು
15-10-1963, ಮಂಗಳವಾರ

ಭದ್ರಾವತಿಯಲ್ಲಿರುವ ನಮ್ಮ ಯಜಮಾನರಿಗೆ ಉಮಾಮಹೇಶ್ವರಿಯ ಶರಣು.

ಮೈ ಹೇಗಿದೆ? ಕಾರ್ಖಾನೆಯ ಕುಲುಮೆ ಮುಂದೆ ನಿಂತು ನಿಂತು ಕಣ್ಣುರಿ ಎಂದು ಬರೆದಿದ್ದಿರಿ. ನೆತ್ತಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ನನ್ನ ಮಾತನ್ನು ಗಾಳಿಗೆ ತೂರಿದಿರಾ? ಅತ್ತೆಯವರ ಮಂಡಿನೋವು ಹಾಗೇ ಇದೆ. ಮಗಳು ಗಂಗಾಂಬಿಕೆ ಅಪ್ಪ ಯಾವಾಗ ಬರ್ತಾರೆ ಎಂದು ದಿನಕ್ಕೆ ಹತ್ತು ಸಲ ಕೇಳಿ ತಲೆ ತಿನ್ನುತ್ತಾಳೆ. ಮನುಷ್ಯರೆಲ್ಲ ಚೆನ್ನಾಗಿದ್ದೇವೆ.

ಎತ್ತುಗಳು ಚೆನ್ನಾಗಿಲ್ಲ. ಮರದ ಗಾಲಿ ಎಳೆದು ಸೋತುಹೋಗುತ್ತವೆ, ರಬ್ಬರ್ ಟೈರ್ ಹಾಕಿಸಿದರೆ ಗಾಡಿ ಹಗುರವಾಗಿ ಉರುಳುತ್ತೆ, ಮೂಕಪ್ರಾಣಿಗಳಿಗೆ ಸುಖ ಎಂದು ನೀವು ತಾನೇ ಆಸೆಪಟ್ಟು ಹಾಕಿಸಿಕೊಟ್ಟದ್ದು? ಆ ಸುಖದ ಕಥೆ ಕೇಳಿ. ನೀವು ಬಸ್ಸು ಹತ್ತಿದ ಮಾರನೆಯ ದಿನವೇ ನಿಮ್ಮ ಅಣ್ಣ ಸದಾಶಿವಯ್ಯನವರು ತೆಂಗಿನಕಾಯಿ ಮೂಟೆಗಳನ್ನು ಎರಡರಷ್ಟು ಹೇರಲು ಶುರು ಮಾಡಿದರು. ಮೊದಲು ಕುಣಿಗಲ್ಲಿಗೆ ಹೋದ ಗಾಡಿ ಅಲ್ಲೇ ತಂಗಿ ಮಾರನೆಯ ದಿನ ಬರುತ್ತಿತ್ತು; ಈಗ ಹೋದ ದಿನವೇ ವಾಪಸ್ಸು. ಗುಬ್ಬಿಯ ನನ್ನ ತವರಿಂದ ಕರುವಾಗಿ ಬಂದ ಚೆಲುವನ ಹೆಗಲು ನೊಗ ಉಜ್ಜಿ ಕಿತ್ತುಹೋಗಿ ಕೀವು ಸೋರುತ್ತಿದೆ. ಬೇವಿನ ನೀರಲ್ಲಿ ತೊಳೆಯಲು ಹೋದರೆ ನನ್ನ ಕೈ ಕಂಡು ಹಿಂದೆ ಸರಿಯುತ್ತಾನೆ, ನನ್ನ ಕೈ ಕಂಡು! ಹಳೇ ಗಾಲಿಗಳನ್ನೂ ಮಾರಿಬಿಟ್ಟಿದ್ದಾರೆ.

ಇಷ್ಟಾದರೂ ಸೋಮವಾರ ಒಂದು ದಿನ ಬಿಡುವಿತ್ತು. ಬಸವಣ್ಣನ ದಿನ ಎಂದು ಮುತ್ತಾತನ ಕಾಲದಿಂದ ನಮ್ಮ ಮನೆಯಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಟ್ಟವರಲ್ಲ. ನಿನ್ನೆ ಭಾವನವರು ಅದನ್ನೂ ನುಂಗಿದರು. ಅಡ್ಡ ಹೋಗಿ ಕೇಳಿದ್ದಕ್ಕೆ, "ಟೈರ್ ಗಾಡಿ ಎಳೆಯೋದೂ ಒಂದ್ ಕೆಲ್ಸಾನೇನಮ್ಮ? ಅದು ತಾನೇ ಉರುಳ್ಕಂಡು ಹೋಗುತ್ತೆ. ಎತ್ತು ಸುಮ್ನೆ ಮುಂದೆ ನಡೀತವೆ, ಅಷ್ಟೇ" ಅಂದರು. ಥೂ! ಸಂಜೆ ಬಂದು ಕೈಗೆ ಮೆತ್ತಿದ ಚೆಲುವನ ನೆತ್ತರು ತೊಳೆದು, ಹಣೆತುಂಬ ವಿಭೂತಿ ಬಳಿದುಕೊಂಡು ಲಿಂಗಪೂಜೆಗೆ ಕೂತರು. ಕಣ್ಣು ಮುಚ್ಚಿ ಮಂತ್ರ ಬೇರೆ! ಹೇಳೋದು ಶಾಸ್ತ್ರ, ಹಾಕೋದು ಗಾಳ. ಆ ಪೂಜೆಗೆ ಹೂ ತಂದಿಟ್ಟೆನಲ್ಲ ಎಂದು ನನಗೇ ಹೇಸಿಗೆಯಾಯಿತು. ಅತ್ತೆಯವರು ಎಲ್ಲ ಕಂಡೂ "ಬುಡು, ಗಂಡಸ್ರ ವಿಷ್ಯ" ಎಂದು ಗೋಡೆಗೆ ತಿರುಗಿ ಮಲಗಿದರು. ನಿಮ್ಮ ಮೇಲೂ ಸಿಟ್ಟಿದೆ. ಟೈರ್ ಕೊಟ್ಟಿರಿ, ಇಷ್ಟೇ ಹೇರಬೇಕು ಎಂದು ಒಂದು ಮಾತು ಹೇಳದೆ ಹೋದಿರಿ. ನಾನು ಹೇಳಿದರೆ ಸೊಸೆಗೆ ಬಾಯಿ ಜಾಸ್ತಿ ಅಂತಾರೆ. ನೀವೇ ಎದುರು ನಿಂತು ಹೇಳಬೇಕು. ಹೀಗೇ ಹೂಡಿದರೆ ಚೆಲುವ ಕುಣಿಗಲ್ ದಾರಿಯಲ್ಲೇ ಬಿದ್ದು ಸಾಯುತ್ತಾನೆ.

ಗಂಗಾಂಬಿಕೆ ನಿಮಗೆ ಶರಣು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ಉಮಾ

ಮರೆತಿದ್ದೆ: ಟಪಾಲು ಹೊರಡುವ ಹೊತ್ತಾಯಿತು. ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಕ್ಕುವ ಎರಡು ಚೂರುಗಳಿವೆಯಲ್ಲ, ಅವು ನಮ್ಮ ಗಾಡಿಯ ಟೈರಿನ ಗಾಳಿ ಹಿಡಿದಿಡುವ ಪಿನ್ನುಗಳು. ನೀವೇ ಒಮ್ಮೆ ತೋರಿಸಿದ್ದಿರಲ್ಲ, ಹಾಗೇ ಬೆಳಿಗ್ಗೆ ತಿರುಗಿಸಿ ತೆಗೆದೆ. ಭಾವನವರು ಎರಡೂ ಟೈರು ಪಂಚರ್ ಎಂದುಕೊಂಡು ಗಾಡಿ ನಿಲ್ಲಿಸಿದ್ದಾರೆ. ತುಮಕೂರಿನ ಪಂಚರ್ ಅಂಗಡಿಯವನು ಶನಿವಾರ ಬರ್ತಾನಂತೆ, ಬಂದರೆ ನನ್ನ ಕಳ್ಳತನ ಬಯಲು. ಇವನ್ನು ಟಪಾಲಿನಲ್ಲಿ ಮಾತ್ರ ವಾಪಸ್ ಕಳಿಸಬೇಡಿ. ಕೈಯಲ್ಲಿ ಹಿಡಿದು ನೀವೇ ಬನ್ನಿ.