ಒಂಬತ್ತನೇ ಕ್ಲಾಸಿನ ಗುಪ್ತ ಮತ

ಹಾಸ್ಟೆಲ್, ಎರಡನೇ ಮಹಡಿ
ಆಗಸ್ಟ್ ೧೧, ಭಾನುವಾರ

ಪ್ರೀತಿಯ ಅಮ್ಮಾ,

ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರ್ ಹೇಳಿದ್ದನ್ನು ನೀನು ಕೇಳಿರುವುದಿಲ್ಲ, ಗೊತ್ತು. ನಾನು ಚೆನ್ನಾಗಿದ್ದೇನೆ. ಇಲ್ಲ, ಸುಳ್ಳು. ನಿನ್ನೆಯಿಂದ ಮೆಸ್ಸಿನ ಕಡೆ ತಲೆ ಹಾಕಿಲ್ಲ. ಫೋನಿನಲ್ಲಾದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸಿನಿಂದ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ, ತಪ್ಪಿದ್ದರೆ ನಗಬೇಡ.

ಟೀಚರ್ ಟ್ರೇನಿಂಗಿನ ಮೊದಲ ವರ್ಷವೇ ಪಾಠ ಮಾಡಲು ಶಾಲೆಗೆ ಕಳಿಸುತ್ತಾರೆ ಅಂದಿದ್ದೆನಲ್ಲ. ನನಗೆ ಬಂದದ್ದು ಒಂಬತ್ತನೇ ಕ್ಲಾಸಿನ ಪೌರನೀತಿ. ಪುಸ್ತಕ ಓದಿಸಿದರೆ ತೂಕಡಿಸುತ್ತಾರೆಂದು ನಿನ್ನೆ ನಿಜವಾಗಿಯೇ ಲೀಡರ್ ಚುನಾವಣೆ ಮಾಡಿಸಿದೆ. ನನ್ನ ಟಿಫಿನ್ ಡಬ್ಬಿಯೇ ಮತಪೆಟ್ಟಿಗೆ. "ಯಾರು ಯಾರಿಗೆ ಹಾಕಿದ್ರಿ ಅಂತ ಯಾರಿಗೂ ಗೊತ್ತಾಗಲ್ಲ" ಅಂದೆ. "ಪ್ರಾಮಿಸ್ಸಾ ಮಿಸ್?" ಅಂತ ಇಡೀ ಕ್ಲಾಸು. "ಪ್ರಾಮಿಸ್" ಅಂದೆ. ಹೆಡ್‌ಮಾಸ್ಟರ ತಂಗಿಯ ಮಗ, ಹುಡುಗರ ಬಾಯಲ್ಲಿ 'ಜೂನಿಯರ್ ಹೆಡ್ಡು', ಸೋತ. ಅಷ್ಟೇ ಆಗಿದ್ದರೆ ಬಚಾವು. ಎಣಿಸುವ ಭರದಲ್ಲಿ ಒಂದು ಚೀಟಿಯನ್ನು ಗಟ್ಟಿಯಾಗಿ ಓದಿಬಿಟ್ಟೆ: "ಜೂನಿಯರ್ ಹೆಡ್ಡು ಬೇಡ, ಚಿಕ್ಕವರ ಕೈ ತಿರುಚುತ್ತಾನೆ."

ಸಂಜೆಯೇ ಹೆಡ್‌ಮಾಸ್ಟರ್ ಕರೆಸಿದರು. "ಆ ಚೀಟಿಗಳೆಲ್ಲ ಸೋಮವಾರ ನನ್ನ ಟೇಬಲ್ ಮೇಲಿರ್ಬೇಕು ಮಿಸ್ಸಮ್ಮ. ಯಾರ ಅಕ್ಷರ ಅಂತ ಕ್ಲಾಸ್ ಟೀಚರ್ ನೋಡಿದ ತಕ್ಷಣ ಹೇಳ್ತಾರೆ." ಆಗಲೇ ಹೊಳೆಯಿತು. ಪೆದ್ದಿ ನಾನು, ಹೆಸರುಗಳ ಮುಂದೆ ಬರೀ ಗುರುತು ಹಾಕಿಸುವ ಬದಲು, ಮಕ್ಕಳ ಕೈಯಲ್ಲೇ ಬರೆಸಿದ್ದೆ! ಗುಟ್ಟು ಎಲ್ಲಿ ಉಳಿಯಿತು? ನನ್ನ ಮಾರ್ಕ್ಸ್‌ಗೆ ಸಹಿ ಹಾಕುವವರು ಅವರೇ, ಹಾಕದಿದ್ದರೆ ವರ್ಷ ಹಾಳು. ರೂಮ್‌ಮೇಟ್ ಅಂತೂ "ಕೊಟ್ಟು ಕೈ ತೊಳ್ಕೊಳೇ, ಯಾರದೋ ಮಕ್ಕಳಿಗೋಸ್ಕರ ನೀನ್ಯಾಕೆ ಫೇಲ್ ಆಗ್ತೀಯ?" ಅನ್ನುತ್ತಾಳೆ. ಅಮ್ಮಾ, ನೋಟ್ಸ್ ತಿದ್ದಿದವಳಿಗೆ ಆ ಅಕ್ಷರ ಯಾರದೆಂದು ಗೊತ್ತಾಗದೆ ಇರುತ್ತದೆಯೇ? ಆ ಮಗುವಿನ ತಮ್ಮ ಆರನೇ ಕ್ಲಾಸು. ಅವನ ಮುಂಗೈ ಕಂದಿರುವುದನ್ನೂ ನೋಡಿದ್ದೇನೆ. ಹೆಸರು ನಿನಗೂ ಬರೆಯಲಾರೆ.

ಅಣ್ಣನಿಗೆ, ಅತ್ತಿಗೆಗೆ ನನ್ನ ನೆನಪು ಹೇಳು. ಮಾತ್ರೆ ಬಿಡಬೇಡ.

ನಿನ್ನ ಪುಕ್ಕಲಿ ಮಗಳು,
ಚಿಕ್ಕಿ

ತಾ.ಕ.: ಚೀಟಿಗಳನ್ನು ಬಟ್ಟೆ ಬಕೆಟ್ಟಿನಲ್ಲಿ ಕಿವುಚಿ ಮುದ್ದೆ ಮಾಡಿಬಿಟ್ಟೆ. ನಾಳೆ "ಕೈತಪ್ಪಿ ನೀರಿಗೆ ಬಿದ್ದವು" ಅನ್ನಬಾರದು, "ನಾನೇ ಹಾಕಿದೆ ಸರ್" ಅನ್ನಬೇಕು. ಕನ್ನಡಿಯ ಮುಂದೆ ಹತ್ತು ಸಲ ಹೇಳಿ ನೋಡಿದೆ, "ಸರ್" ಒಂದೇ ಗಟ್ಟಿಯಾಗಿ ಬಂತು. ಈ ಕಾಗದ ನಿನ್ನ ಕೈಸೇರುವಷ್ಟರಲ್ಲಿ ಹೇಳಿಯಾಗಿರುತ್ತದೆ. ಸಹಿ ಸಿಗದಿದ್ದರೆ ಮನೆಗೇ ಬರುತ್ತೇನೆ, ನನ್ನ ಮಂಚದ ಮೇಲೆ ಪೇರಿಸಿರುವ ಸಾಮಾನು ಇಳಿಸಿಟ್ಟಿರು.